ಎಂ.ಆಪ್ಟೋಮ್ ಎರಡು ವರ್ಷ: ಕೊಟ್ಟ ಫೀಸಿಗೆ ಏನು ಸಿಕ್ಕಿತು?

ಬಿ.ಆಪ್ಟೋಮ್, ಅಂದರೆ ಕಣ್ಣು ಪರೀಕ್ಷೆಯ (ಆಪ್ಟೋಮೆಟ್ರಿ) ಡಿಗ್ರಿ ಮುಗಿಸಿದವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. ಮಾಸ್ಟರ್ಸ್ (ಎಂ.ಆಪ್ಟೋಮ್) ಮಾಡಬೇಕಾ, ಬೇಡವಾ? ಸಂಬಳ ಜಾಸ್ತಿ ಆಗುತ್ತೆ ಅಂತ ಮಾಡುವುದಾದರೆ ಬೇಡ. ಕೈ ಪಳಗಬೇಕು ಅನ್ನುವ ಆಸೆ ಇದ್ದರೆ ಖಂಡಿತ ಮಾಡಿ. ಆದರೆ ಕಾಲೇಜಿನ ಬಿಲ್ಡಿಂಗ್, ಬ್ರೋಷರ್ ನೋಡಿ ಸೇರಬೇಡಿ. ಅಲ್ಲಿನ ಓಪಿಡಿ (ಹೊರರೋಗಿಗಳನ್ನು ನೋಡುವ ವಿಭಾಗ) ನೋಡಿ ಸೇರಿ.

ನಾನು ರಾಣೆಬೆನ್ನೂರಿನವಳು. ಡಿಗ್ರಿ ಆದ ಮೇಲೆ ಹುಬ್ಬಳ್ಳಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದೆ. ಅಲ್ಲಿಂದ ಬೆಂಗಳೂರಿಗೆ ಬಂದು, ಕಣ್ಣಾಸ್ಪತ್ರೆಯೊಂದಕ್ಕೆ ಅಂಟಿಕೊಂಡಿರುವ ಕಾಲೇಜಿನಲ್ಲಿ ಎಂ.ಆಪ್ಟೋಮ್ ಮಾಡಿದೆ. ಕಾಲೇಜಿನ ಹೆಸರು ಬರೆಯಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ, ನಮ್ಮ ಫೀಲ್ಡ್ ತುಂಬಾ ಚಿಕ್ಕದು. ಎಲ್ಲರಿಗೂ ಎಲ್ಲರೂ ಗೊತ್ತು.

ಈ ಓದಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಆಪ್ಟೋಮೆಟ್ರಿಸ್ಟ್ ಅಂದರೆ ಆಪರೇಷನ್ ಮಾಡುವ ಕಣ್ಣಿನ ಡಾಕ್ಟರ್ ಅಲ್ಲ. ಕಣ್ಣಿನ ಪವರ್ ನೋಡುವುದು, ಕಾಂಟ್ಯಾಕ್ಟ್ ಲೆನ್ಸ್ ಹಾಕುವುದು, ಎರಡು ಕಣ್ಣು ಒಟ್ಟಿಗೆ ಕೆಲಸ ಮಾಡುತ್ತಿವೆಯಾ ಅಂತ ಪರೀಕ್ಷಿಸುವುದು, ಕಾಯಿಲೆಯ ಸುಳಿವು ಸಿಕ್ಕರೆ ಡಾಕ್ಟರ್ ಹತ್ತಿರ ಕಳಿಸುವುದು ನಮ್ಮ ಕೆಲಸ. ಇಂಟರ್ನ್‌ಶಿಪ್ ಸೇರಿ ನನ್ನ ಡಿಗ್ರಿ ನಾಲ್ಕು ವರ್ಷದ್ದು, ಅದರ ಮೇಲೆ ಮಾಸ್ಟರ್ಸ್ ಎರಡು ವರ್ಷ. 2021ರಲ್ಲಿ ಕೇಂದ್ರದವರು ತಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ನಮ್ಮ ವೃತ್ತಿಯ ಹೆಸರೂ ಸೇರಿದೆ. ನಮ್ಮ ಸೋದರಮಾವ ಮಾತ್ರ ಇವತ್ತಿಗೂ "ಕನ್ನಡಕದ ಕೋರ್ಸು" ಅಂತಲೇ ಹೇಳುತ್ತಾರೆ.

ಈಗ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ನನ್ನ ಕೆಲಸ ಹೇಗಿತ್ತು ಅಂದರೆ, ತಾನೇ ಪವರ್ ಅಳೆಯುವ ಆಟೋರೆಫ್ ಮಷೀನಿಗೆ ಗಿರಾಕಿ ಗದ್ದ ಇಡುತ್ತಾರೆ, ಚೀಟಿ ಬರುತ್ತೆ, ಅದೇ ನಂಬರಿಗೆ ಟ್ರಯಲ್ ಫ್ರೇಮಿನಲ್ಲಿ ಗಾಜು ಹಾಕಿ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಅಂತ ಕೇಳಿ ಮುಗಿಸುವುದು. ಹಿಂದೆ ಇನ್ನೂ ಮೂವರು ಕಾಯುತ್ತಿರುತ್ತಾರೆ. ಮಾಸ್ಟರ್ಸ್ ಸೇರಿದ ಮೊದಲ ದಿನಗಳಲ್ಲೇ ನಮ್ಮ ಮೇಡಂ ಆ ಮಷೀನ್ ಕಡೆ ಹೋಗಬೇಡಿ ಅಂದುಬಿಟ್ಟರು. ಕಣ್ಣಿಗೆ ಬೆಳಕಿನ ಗೆರೆ ಬಿಟ್ಟು ನಾವೇ ಪವರ್ ಅಳೆಯುವ ರೆಟಿನೋಸ್ಕೋಪ್ ಕೈಗೆ ಕೊಟ್ಟರು. ಡಿಗ್ರಿಯಲ್ಲಿ ಕಲಿತಿದ್ದೇ, ಆದರೆ ಕೈ ಮರೆತಿತ್ತು.

ಒಂದು ಕೇಸ್ ಹೇಳಿದರೆ ಗೊತ್ತಾಗುತ್ತೆ. ಮೂರನೇ ಕ್ಲಾಸಿನ ಹುಡುಗ, ಬೋರ್ಡ್ ಕಾಣಿಸಲ್ಲ ಅಂತ ಬಂದ. ಮಷೀನ್ ಚೀಟಿ ಎರಡು ಕಣ್ಣಿಗೂ ಮೈನಸ್ ಎರಡರ ಹತ್ತಿರ ತೋರಿಸಿತ್ತು. ಸೈಕ್ಲೋಪೆಂಟೋಲೇಟ್ ಡ್ರಾಪ್ಸ್ ಹಾಕಿ ಕೂರಿಸಿದೆವು. ಈ ಡ್ರಾಪ್ಸ್ ಹಾಕಿದರೆ ಕಣ್ಣಿನ ಒಳಗಿನ ಫೋಕಸ್ ಸ್ನಾಯು ಸಡಿಲವಾಗುತ್ತೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಒಂದು ತೋಳಿನಷ್ಟು ದೂರದಿಂದ ಬೆಳಕಿನ ಗೆರೆಯನ್ನು ಅವನ ಪಾಪೆಯ ಮೇಲೆ ಆಡಿಸಿದೆ. ನಾನು ಬಲಕ್ಕೆ ಆಡಿಸಿದರೆ ಒಳಗಿನ ಕೆಂಪು ಬೆಳಕೂ ಬಲಕ್ಕೇ ಹೋಗುತ್ತಿತ್ತು. ಅಂದರೆ ಪ್ಲಸ್ ಗಾಜು ಏರಿಸಬೇಕು. ಏರಿಸುತ್ತಾ ಹೋದಂತೆ ಒಂದು ಹಂತದಲ್ಲಿ ಆ ಓಡಾಟ ನಿಂತು ಇಡೀ ಪಾಪೆ ಒಮ್ಮೆಲೇ ಬೆಳಗಿತು. ಆ ಗಾಜಿನ ಪವರಿನಿಂದ, ನಾನು ನಿಂತಿದ್ದ ದೂರದ ಲೆಕ್ಕಕ್ಕೆ ಒಂದೂವರೆ ಕಳೆದೆ. ಉಳಿದಿದ್ದು ಪ್ಲಸ್ ಅರ್ಧ! ಅವನಿಗೆ ಮೈನಸ್ ಇರಲೇ ಇಲ್ಲ. ಹತ್ತಿರದ್ದನ್ನೇ ನೋಡಿ ನೋಡಿ ಸ್ನಾಯು ಬಿಗಿದುಕೊಂಡು ಕೂತಿತ್ತು, ಅಷ್ಟೇ. ಅಂಗಡಿಯಲ್ಲಾಗಿದ್ದರೆ ಆ ಹುಡುಗ ಮೈನಸ್ ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಮಕ್ಕಳಿಗೆ ಡ್ರಾಪ್ಸ್ ಹಾಕದೆ ನಂಬರ್ ಬರೆದುಕೊಡುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತೆ.

ಇಡೀ ಕೋರ್ಸಿನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಕಾಂಟ್ಯಾಕ್ಟ್ ಲೆನ್ಸ್ ಕ್ಲಿನಿಕ್. ಸುಮ್ನೆ ಫ್ಯಾಷನ್ನಿಗೆ ಹಾಕುವ ಸಾಫ್ಟ್ ಲೆನ್ಸ್ ಅಲ್ಲ. ಕೆರಟೋಕೋನಸ್ ಅಂತ ಒಂದು ಕಾಯಿಲೆ ಇದೆ. ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ತೆಳ್ಳಗಾಗಿ ಮುಂದಕ್ಕೆ ಚೂಪಾಗುತ್ತೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತೆ. ಅಲರ್ಜಿ ಇದ್ದು ಕಣ್ಣು ಉಜ್ಜುವ ಅಭ್ಯಾಸ ಇರುವವರಲ್ಲಿ ಜಾಸ್ತಿ. ಕಾಯಿಲೆ ಮುಂದುವರಿದರೆ ಕನ್ನಡಕದಿಂದ ಪ್ರಯೋಜನ ಇಲ್ಲ. ಅಂಥವರಿಗೆ ಸ್ಕ್ಲೀರಲ್ ಲೆನ್ಸ್ ಹಾಕುತ್ತಾರೆ. ಕಾರ್ನಿಯಾವನ್ನು ಮುಟ್ಟದೆ, ಕಮಾನಿನ ಹಾಗೆ ಅದರ ಮೇಲೆ ನಿಂತು, ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಗಟ್ಟಿ ಲೆನ್ಸ್ ಅದು.

ಹಾಕುವುದೇ ಒಂದು ಸಾಹಸ. ಲೆನ್ಸಿನ ಬಟ್ಟಲಿಗೆ ಪ್ರಿಸರ್ವೇಟಿವ್ ಇಲ್ಲದ ಸಲೈನ್ ತುಂಬಬೇಕು, ತುಳುಕುವಷ್ಟು. ಅದಕ್ಕೆ ಫ್ಲೂರೋಸೀನ್ ಅನ್ನುವ ಬಣ್ಣದ ಕಾಗದದ ತುದಿ ಅದ್ದಿದರೆ ನೀರು ಹಳದಿ ಬಣ್ಣಕ್ಕೆ ತಿರುಗುತ್ತೆ. ರೋಗಿ ಮುಖವನ್ನು ನೆಲಕ್ಕೆ ಸಮವಾಗಿ ಬಗ್ಗಿಸಬೇಕು. ನಾವು ಕೆಳಗಿನಿಂದ ಲೆನ್ಸ್ ಎತ್ತಿ ಕಣ್ಣಿಗೆ ಕೂರಿಸಬೇಕು. ಒಂಚೂರು ಓರೆಯಾದರೆ ಒಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತೆ, ತೆಗೆದು ಮತ್ತೆ ಮೊದಲಿಂದ. ಸರಿಯಾಗಿ ಕೂತರೆ ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಮೈಕ್ರೋಸ್ಕೋಪ್) ನೀಲಿ ಬೆಳಕಿನಲ್ಲಿ ಲೆನ್ಸಿಗೂ ಕಾರ್ನಿಯಾಗೂ ನಡುವೆ ಹಸಿರು ಪಟ್ಟಿ ಹೊಳೆಯುತ್ತೆ. ಆ ಪಟ್ಟಿ ಎಷ್ಟು ದಪ್ಪ ಇದೆ ಅಂತ ಲೆನ್ಸಿನ ದಪ್ಪದ ಜೊತೆ ಹೋಲಿಸಿ ಅಂದಾಜು ಮಾಡಬೇಕು. ರಾಯಚೂರು ಕಡೆಯ ಒಬ್ಬ ಐಟಿಐ ಹುಡುಗನಿಗೆ ಹೀಗೆ ಹಾಕಿದ್ದೆ. ಕನ್ನಡಕದಲ್ಲಿ ಚಾರ್ಟಿನ ಮೇಲಿನ ದೊಡ್ಡ ಅಕ್ಷರಕ್ಕೇ ತಡಕಾಡುತ್ತಿದ್ದವನು ಕೆಳಗಿನ ಸಣ್ಣಕ್ಷರದ 6/9 ಸಾಲು ಓದಿದ. ಓದಿ ಮುಗಿಸಿದ ಕೂಡಲೇ "ಮೇಡಂ, ಇದಕ್ಕೆಷ್ಟಾಗುತ್ತೆ?" ಅಂದ. ಬೆಲೆ ಕೇಳಿ ಅವನ ಅಣ್ಣನ ಮುಖ ಸಣ್ಣಗಾಯಿತು. ದುಬಾರಿ ಲೆನ್ಸ್, ನಿಜ. ಆಸ್ಪತ್ರೆಯ ಟ್ರಸ್ಟಿನವರಿಗೆ ಅರ್ಜಿ ಹೇಗೆ ಬರೆಯುವುದು ಅನ್ನುವುದನ್ನೂ ಅವತ್ತೇ ಕಲಿತೆ. ಅದು ಸಿಲೆಬಸ್ಸಿನಲ್ಲಿಲ್ಲ.

ಎರಡು ಕಣ್ಣಿನ ಹೊಂದಾಣಿಕೆಯ ಕ್ಲಿನಿಕ್ ಕೂಡ ಚೆನ್ನಾಗಿತ್ತು. ಓದುವಾಗ ತಲೆನೋವು, ಸಾಲು ತಪ್ಪುವುದು, ಅಕ್ಷರ ಎರಡೆರಡಾಗಿ ಕಾಣುವುದು ಅಂತ ಪಿಯುಸಿ ಮಕ್ಕಳು ಬರುತ್ತಾರೆ. ಪವರ್ ಇರಲ್ಲ, ಕಣ್ಣು ಒಳಕ್ಕೆ ತಿರುಗುವ ಶಕ್ತಿ ಕಮ್ಮಿ ಇರುತ್ತೆ. ಇದಕ್ಕೆ ಪೆನ್ಸಿಲನ್ನು ಮೂಗಿನ ಹತ್ತಿರ ತರುವ ವ್ಯಾಯಾಮ ಹೇಳಿ ಕಳಿಸುವುದು ಹಳೇ ರೂಢಿ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, 12 ವಾರ ಕ್ಲಿನಿಕ್ಕಿಗೆ ಬಂದು ಥೆರಪಿ ಮಾಡಿಸಿಕೊಂಡ ಮಕ್ಕಳಲ್ಲಿ ಸುಮಾರು 73 ಪರ್ಸೆಂಟ್ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ವ್ಯಾಯಾಮ ಮಾಡಿದವರಲ್ಲಿ ಅರ್ಧಕ್ಕಿಂತ ಕಮ್ಮಿ. ನಮ್ಮ ಮೇಡಂ ಈ ಪೇಪರನ್ನು ನಮ್ಮ ಕೈಯಲ್ಲೇ ಬಿಡಿಸಿ ಓದಿಸಿದರು. ಆಮೇಲೆ ಮೂರು ಬಣ್ಣದ ಮಣಿ ಪೋಣಿಸಿದ ಒಂದು ದಾರ ಕೊಟ್ಟು, ಮೊದಲು ನೀವೇ ಮಾಡಿ ಅಂದರು. ಮಣಿಯನ್ನು ದಿಟ್ಟಿಸಿದಾಗ ದಾರ ಎರಡಾಗಿ ಕಂಡು, ಆ ಮಣಿಯ ಹತ್ತಿರವೇ ಒಂದರ ಮೇಲೊಂದು ಹಾಯಬೇಕು. ನಮ್ಮ ಬ್ಯಾಚಿನ ಒಬ್ಬಳಿಗೆ ಒಂದೇ ದಾರ ಕಂಡಿತು. ಅವಳ ಒಂದು ಕಣ್ಣು ಸುಮ್ಮನಾಗಿಬಿಡುತ್ತಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಕಣ್ಣಿನ ಓದು ಓದಿ ಅಷ್ಟು ವರ್ಷ ಆಗಿದ್ದರೂ!

ಇನ್ನು ಬೈಗುಳ. ಎರಡನೇ ವರ್ಷ ನಮ್ಮನ್ನು ಓಪಿಡಿಯಲ್ಲಿ ದುಡಿಸಿಕೊಂಡರು, ಅದಕ್ಕೆ ಬೇರೆ ಮಾತಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಫೀಸು ನಾವು ಕೊಡಬೇಕು, ಸ್ಟಾಫ್ ಕಮ್ಮಿ ಆದ ದಿನ ಡ್ರಾಪ್ಸ್ ಹಾಕಲೂ ನಾವೇ ಬೇಕು. ಪೊರೆ ಆಪರೇಷನ್ನಿಗೆ ಬಂದ ಅಜ್ಜ ಅಜ್ಜಿಯರ ಸಾಲಿನಲ್ಲಿ ಮಧ್ಯಾಹ್ನದವರೆಗೂ ಕಣ್ಣಿನ ಪ್ರೆಷರ್ ನೋಡುತ್ತಾ ನಿಂತರೆ ಕಲಿಯುವುದೇನಿದೆ? ಕನ್ನಡಕ ಹಾಕಿದರೂ ಸರಿಯಾಗಿ ಕಾಣದವರಿಗಾಗಿ ಇರುವ ಲೋ ವಿಷನ್ ಕ್ಲಿನಿಕ್ ವಾರಕ್ಕೆ ಒಂದೇ ದಿನ, ಅದೂ ಸೆಮಿನಾರ್ ಇರುವ ದಿನವೇ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಲು ಬಂದವರು ಸ್ಲೈಡ್ ಓದಿ ಹೋದರು. ಕೊನೆಗೆ ಥೀಸಿಸ್ ಹೊತ್ತಿಗೆ ಯೂಟ್ಯೂಬೇ ಗತಿ. ಎಥಿಕ್ಸ್ ಕಮಿಟಿಯ ಸಹಿಗೆ ಕಾದ ತಿಂಗಳುಗಳ ಕಥೆ ಬೇಡ ಬಿಡಿ. ಅಂದಹಾಗೆ ಥೀಸಿಸ್ ಅಂದರೆ ಮೊಬೈಲ್ ನೋಡಿ ಕಣ್ಣುರಿ ಅನ್ನುವ ಟಾಪಿಕ್ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ತಗೊಳ್ಳುತ್ತಾರೆ. ದಯವಿಟ್ಟು ಬೇರೆ ಏನಾದರೂ ಹುಡುಕಿ.

ಬೇರೆ ಕಡೆ ಹೇಗೆ ಅಂತ ಕೇಳಿದರೆ, ನಾನು ಓದಿದ್ದು ಒಂದೇ ಕಡೆ, ಹೋಲಿಸಲು ಆಗಲ್ಲ. ಚೆನ್ನೈನಲ್ಲಿ ಶಂಕರ ನೇತ್ರಾಲಯದ ಜೊತೆಗಿನ ಎಲೀಟ್ ಸ್ಕೂಲ್ 1985ರಿಂದ ಇದೆ. ನಮ್ಮಲ್ಲಿ ಮಣಿಪಾಲದಲ್ಲೂ ಮಾಸ್ಟರ್ಸ್ ಇದೆ. ಎಲ್ಲಿಗೇ ಹೋಗಿ, ಸೇರುವ ಮುಂಚೆ ಒಂದು ಇಡೀ ದಿನ ಅಲ್ಲಿನ ಓಪಿಡಿಯಲ್ಲಿ ಕೂತು ನೋಡಿ. ಸ್ಟೂಡೆಂಟ್ಸ್ ಕೈಯಲ್ಲಿ ರೆಟಿನೋಸ್ಕೋಪ್ ಇದೆಯಾ, ಫೈಲ್ ಇದೆಯಾ? ಸೀನಿಯರ್ ಒಬ್ಬರನ್ನು ಟೀಗೆ ಕರೆದುಕೊಂಡು ಹೋಗಿ, ಸ್ಕ್ಲೀರಲ್ ಲೆನ್ಸ್ ನೀವೇ ಹಾಕಿದ್ದೀರಾ ಅಂತ ಕೇಳಿ. "ನೋಡಿದ್ದೀನಿ" ಅಂದರೆ ಬೇರೆ ಕಾಲೇಜು ಹುಡುಕಿ.

ದುಡ್ಡಿನ ವಿಷಯ. ನಾನೀಗ ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿದ್ದೇನೆ. ಹುಬ್ಬಳ್ಳಿ ಅಂಗಡಿಯ ಸಂಬಳಕ್ಕಿಂತ ಜಾಸ್ತಿ ಬರುತ್ತೆ, ಆದರೆ ಅಂಗಡಿಯಲ್ಲೇ ಉಳಿದ ನನ್ನ ಗೆಳತಿ ಇನ್ಸೆಂಟಿವ್ ಸೇರಿಸಿ ಹೆಚ್ಚುಕಮ್ಮಿ ಅಷ್ಟೇ ತಗೊಳ್ಳುತ್ತಾಳೆ. ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವವರಿಗೆ ಈ ಡಿಗ್ರಿ ಬೇಕೇ ಬೇಕು. ಉಳಿದವರು ಲೆಕ್ಕ ಹಾಕಿ.

ಮೊನ್ನೆ ಇಬ್ಬರು ಹುಡುಗಿಯರು ಇದನ್ನೇ ಕೇಳಲು ಬಂದಿದ್ದರು. ಒಬ್ಬಳಿಗೆ ಮಕ್ಕಳ ಮೆಳ್ಳೆಗಣ್ಣು, ಸೋಮಾರಿ ಕಣ್ಣು ಅಂದರೆ ಹುಚ್ಚು. ಅವಳಿಗೆ ಕಣ್ಣು ಮುಚ್ಚಿಕೊಂಡು ಸೇರು ಅಂದೆ. ಇನ್ನೊಬ್ಬಳು ಗದಗಿನಲ್ಲಿ ಅಪ್ಪನ ಕನ್ನಡಕದ ಅಂಗಡಿ ನೋಡಿಕೊಳ್ಳಬೇಕಂತೆ. ಆ ಅಂಗಡಿಯಲ್ಲಿ ಸ್ಲಿಟ್ ಲ್ಯಾಂಪೇ ಇಲ್ಲ. ಫೀಸಿನ ದುಡ್ಡಲ್ಲಿ ಮೊದಲು ಅದನ್ನು ತಗೋ ಅಂದೆ. ಯಾವ ಕಂಪನಿಯದು ಒಳ್ಳೇದು ಅಂತ ಇವತ್ತು ಬೆಳಿಗ್ಗೆ ಮೆಸೇಜ್ ಹಾಕಿದ್ದಾಳೆ.