ಇಬ್ಬರೂ ‘ಅವಳು’ ಆದಾಗ: ಒಂದು ದೃಶ್ಯ, ಮೂರು ನಿರೂಪಣೆ

ಪ್ರೀತಿ ಹುಟ್ಟಿದ್ದರೂ ಬಾಯಿಬಿಡದ ಇಬ್ಬರು ಹೆಂಗಸರು ರಾತ್ರಿ ಒಂದೇ ಮೇಜಿನ ಬಳಿ ಕುಳಿತು ಕರಡು ತಿದ್ದುವ ದೃಶ್ಯವೊಂದನ್ನು ನಾನು ಮೂರು ಬಗೆಯಲ್ಲಿ ಬರೆದು ನೋಡಿದೆ. ಮಾತು, ಚಲನವಲನಗಳನ್ನು ಬದಲಿಸದೆ ನಿರೂಪಣೆಯನ್ನಷ್ಟೇ ಬದಲಿಸಿದೆ.

ಎಲ್ಲರ ಮನಸ್ಸನ್ನೂ ಬಲ್ಲ ಸರ್ವಜ್ಞ ನಿರೂಪಣೆ ಬೇಗ ಸೋತಿತು. ಒಬ್ಬಳ ಹಂಬಲ ತಿಳಿದ ಮರುಸಾಲಿನಲ್ಲೇ ಇನ್ನೊಬ್ಬಳದೂ ತಿಳಿದುಬಿಟ್ಟರೆ ಓದುಗರು ಆತಂಕಪಡಲು ಏನೂ ಉಳಿಯುವುದಿಲ್ಲ.

‘ನಾನು’ ಎಂದು ಕಥೆ ಹೇಳುವ ಉತ್ತಮ ಪುರುಷದ ನಿರೂಪಣೆ ಒಂದು ದೊಡ್ಡ ತೊಡಕನ್ನು ನಿವಾರಿಸಿತು. ಇಂಥ ಕಥೆಯಲ್ಲಿ ಇಬ್ಬರೂ ‘ಅವಳು’, ಕ್ರಿಯಾಪದದ ಪ್ರತ್ಯಯವೂ ಇಬ್ಬರಿಗೂ ಒಂದೇ ಆದ್ದರಿಂದ, ಯಾರ ಬೆರಳು ಯಾರ ಮಣಿಕಟ್ಟನ್ನು ಸೋಕಿತೆಂದು ತಿಳಿಯಲು ಓದುಗರು ಹಿಂದಿನ ಸಾಲಿಗೆ ಮರಳಬೇಕಾದರೆ ಶೃಂಗಾರದ ಬಿಗಿ ಅಲ್ಲೇ ಸಡಿಲವಾಗುತ್ತದೆ. ‘ನಾನು’ ಬಂದೊಡನೆ ಈ ಗೊಂದಲ ಹೋಯಿತು. ಆದರೆ ನನ್ನ ನಾಯಕಿ ತನ್ನ ಆಸೆಯನ್ನು ತಾನೇ ವಿವರಿಸತೊಡಗಿದಳು, ಇನ್ನೂ ತನಗೇ ಅರ್ಥವಾಗದ ಭಾವಕ್ಕೆ ಹೆಸರಿಟ್ಟುಬಿಟ್ಟಳು.

ನನಗೆ ಒಗ್ಗಿದ್ದು ‘ಅವಳು’ ಎಂದೇ ಹೇಳುತ್ತ ಒಬ್ಬಳ ಮನಸ್ಸಿನಲ್ಲಷ್ಟೇ ನಿಲ್ಲುವ ಪ್ರಥಮ ಪುರುಷದ ನಿರೂಪಣೆ. ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿ ಕ್ಲೇರ್ ಮಾರ್ಗನ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ‘ದಿ ಪ್ರೈಸ್ ಆಫ್ ಸಾಲ್ಟ್’ ಕಾದಂಬರಿ ಕೂಡ ಕ್ಯಾರಲ್ ಎಂಬ ಹೆಂಗಸನ್ನು ಪ್ರೀತಿಸುವ ಥೆರೇಸಳ ದೃಷ್ಟಿಯಲ್ಲೇ ಸಾಗುತ್ತದೆ. ಕ್ಯಾರಲ್‌ಳ ಮನಸ್ಸು ನಮಗೆ ಅವಳ ನಡೆನುಡಿಯ ಮೂಲಕವಷ್ಟೇ ಸಿಗುತ್ತದೆ. ಕನ್ನಡದಲ್ಲಿ ಈ ಕ್ರಮಕ್ಕೆ ‘ತಾನು’, ‘ತನ್ನ’ ಎಂಬ ಪದಗಳ ಬೆಂಬಲವೂ ಇದೆ: ‘ಅವಳ ಬೆರಳು ತನ್ನ ಮಣಿಕಟ್ಟಿನ ಮೇಲೆ ನಿಂತಿತು’ ಎಂದರೆ ಯಾರದು ಯಾವುದೆಂಬ ಸಂಶಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೂದಲು ಸರಿಪಡಿಸುವುದು, ಕೈಹಿಡಿಯುವುದು ಗೆಳತಿಯರ ನಡುವೆಯೂ ಸಹಜವಾದ್ದರಿಂದ, ಇದು ಸ್ನೇಹವೋ ಬೇರೆಯದೋ ಎಂಬ ಕಾತರ ಪ್ರತಿಯೊಂದು ಸ್ಪರ್ಶದಲ್ಲೂ ಉಳಿಯಿತು. ಹೆಣ್ಣು ಹೆಣ್ಣಿನ ಪ್ರೇಮಕಥೆಗೆ ಇದಕ್ಕಿಂತ ದೊಡ್ಡ ಸಂಪತ್ತಿಲ್ಲವೆಂದು ನಾನು ನಂಬುತ್ತೇನೆ, ಎರಡೂ ಮನಸ್ಸುಗಳನ್ನು ತೆರೆದಿಟ್ಟಾಗ ಅದನ್ನೇ ಕಳೆದುಕೊಂಡಿದ್ದೆ.

ಸ್ಪರ್ಶದ ನಂತರದ ಭಾಗವನ್ನು ಈ ಮೂರನೆಯ ನಿರೂಪಣೆಯಲ್ಲಿಯೇ ಎರಡು ಸಲ ಬರೆದೆ. ಅಂಗಾಂಗಗಳನ್ನು ಒಂದೊಂದಾಗಿ ವರ್ಣಿಸಿದ ಪುಟದಲ್ಲಿ ಆ ಇಬ್ಬರ ಜಾಗದಲ್ಲಿ ಯಾರನ್ನು ಕೂರಿಸಿದರೂ ನಡೆಯುತ್ತಿತ್ತು. ಇನ್ನೊಂದರಲ್ಲಿ ದೇಹದ ವರ್ಣನೆಯನ್ನು ಮಣಿಕಟ್ಟಿಗಷ್ಟೇ ಸೀಮಿತಗೊಳಿಸಿ, ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದ ಹಿರಿಯಳು ಪೆನ್ನಿನ ಮುಚ್ಚಳ ಹಾಕಿ, ಎದ್ದು ಹೋಗದೆ, ‘ನಿನಗೆ ನಿದ್ದೆ ಬರುತ್ತಿಲ್ಲವೇ?’ ಎಂದು ಕೇಳುವಂತೆ ಮಾಡಿದೆ. ಆ ಏಕವಚನವನ್ನು ಕೇಳಿಸಿಕೊಂಡ ಕಿರಿಯಳು ಕೈ ಹಿಂತೆಗೆದುಕೊಳ್ಳಲಿಲ್ಲ. ಅಧ್ಯಾಯವನ್ನು ಅಲ್ಲಿಗೇ ನಿಲ್ಲಿಸಿದೆ.