ಕಡಲ ತೀರದ ಮನೆಯ ಗೇಟಿಗೆ ಸತುವಿನ ಲೇಪನ: ಒಂದು ವಿಮರ್ಶೆ

ಉಡುಪಿಯ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ ಹಳೆಯ ಗೇಟು, ಪ್ರತಿ ಬೇಸಿಗೆಯಲ್ಲೂ ರೆಡ್ ಆಕ್ಸೈಡ್ ಮತ್ತು ಎನಾಮೆಲ್ ಬಳಿದರೂ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತಿದ್ದುದರಿಂದ, ಹೊಸ ಗೇಟನ್ನು ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ಲೇಪಿಸುವ, ಘಟಕವೊಂದಕ್ಕೆ ಒಪ್ಪಿಸಿದೆವು.

ಅಲ್ಲಿ ಕಬ್ಬಿಣವನ್ನು ಆಮ್ಲದಲ್ಲಿ ತೊಳೆದು, ಸತು ಚೆನ್ನಾಗಿ ಹಿಡಿಯಲು ನೆರವಾಗುವ ಫ್ಲಕ್ಸ್ ದ್ರಾವಣದಲ್ಲಿ ಅದ್ದಿ, ಬಳಿಕ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನೊಳಗೆ ಮುಳುಗಿಸುತ್ತಾರೆ. ಬಣ್ಣ ಮೇಲ್ಮೈಗೆ ಅಂಟಿಕೊಂಡಿರುತ್ತದೆ ಅಷ್ಟೆ. ಸತುವಾದರೋ ಕಬ್ಬಿಣದೊಡನೆ ಬೆರೆತು ಮಿಶ್ರಲೋಹದ ಪದರಗಳನ್ನೇ ಕಟ್ಟುತ್ತದೆ, ಮತ್ತು ಎಲ್ಲಾದರೂ ಗೀರು ಬಿದ್ದರೆ ತಾನು ಮೊದಲು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಈ ಗುಣದಲ್ಲಿಯೇ.

ಟೊಳ್ಳು ಪೈಪುಗಳಿಗೆ ಗಾಳಿರಂಧ್ರ ಕೊರೆಯದೆ ಅದ್ದಿದರೆ ಒಳಗೆ ಸಿಕ್ಕಿಬಿದ್ದ ತೇವ ಆವಿಯಾಗಿ ಸಿಡಿಯಬಹುದೆಂದು, ಅವರು ಗೇಟನ್ನು ಒಮ್ಮೆ ನಮ್ಮ ವೆಲ್ಡರ್ ಬಳಿಗೆ ಹಿಂದಿರುಗಿಸಿದ್ದನ್ನು ಮೆಚ್ಚಿದೆ. ಲೇಪನ ಒಳಮೂಲೆಗಳವರೆಗೂ ಸಮನಾಗಿ ಕೂತಿದೆ. ಆದರೆ ಕೀಲುಗಳ ಬಳಿ ಸತು ಹನಿಗಟ್ಟಿ ನಿಂತಿದ್ದರಿಂದ ಬಾಗಿಲು ಬಿಗಿಯಾಯಿತು; ಅದನ್ನು ಉಜ್ಜಿ ಕೊಡುವ ಕೆಲಸ ಘಟಕದಲ್ಲೇ ಆಗಬೇಕಿತ್ತು. ಹೇಳಿದ ದಿನಕ್ಕಿಂತ ಒಂದು ವಾರ ತಡವೂ ಆಯಿತು.

ಮಾಡಿಸುವವರು ವೆಲ್ಡಿಂಗ್ ಮತ್ತು ರಂಧ್ರಗಳನ್ನೆಲ್ಲ ಮೊದಲೇ ಮುಗಿಸಿಕೊಳ್ಳಲಿ. ನಂತರ ಬೆಸುಗೆ ಹಾಕಿದಲ್ಲಿ ಸತು ಸುಟ್ಟುಹೋಗುವುದರಿಂದ ಅಲ್ಲಿಗೆ ಸತು ಹೆಚ್ಚಿರುವ ಪ್ರೈಮರ್ ಬಳಿಯಲೇಬೇಕಾಗುತ್ತದೆ. ಎರಡು ಮಳೆಗಾಲ ಕಳೆದಿವೆ. ಹೊಳಪು ಮಾಸಿ ಬೂದುಬಣ್ಣಕ್ಕೆ ತಿರುಗಿದೆ, ಕೆಂಪು ಕಲೆ ಒಂದೂ ಇಲ್ಲ.