ಅಲರ್ ನಿಘಂಟಿಗೆ ಹೊಸ ವೇಷ ಯಾಕೆ?

ತಂಗಿ ಮಗ ವೆಬ್ ಡಿಸೈನ್ ಕೆಲಸದಲ್ಲಿದ್ದಾನೆ. ಮೊನ್ನೆ ನನ್ನ ಲ್ಯಾಪ್‌ಟಾಪಿನಲ್ಲಿ ಅಲರ್ ತೆರೆದಿದ್ದನ್ನು ನೋಡಿ, "ಏನ್ ಮಾವ, ಇಷ್ಟು ಬೋಳಾಗಿದೆ! ರೀಡಿಸೈನ್ ಮಾಡ್ಬೇಕು ಇದನ್ನ" ಅಂದ. ಯಾಕೋ ಅಂತ ಕೇಳಿದೆ. "ಹಳೇದಾಯ್ತಲ್ಲ!" ಬೇರೆ ಕಾರಣ ಅವನ ಹತ್ತಿರವೂ ಇರಲಿಲ್ಲ.

ಅನುವಾದ ನನ್ನ ಹೊಟ್ಟೆಪಾಡು. 2019ರಲ್ಲಿ ಅಲರ್ ಬಂದಾಗಿನಿಂದ ದಿನಕ್ಕೆ ಹತ್ತಾರು ಸಲ ಅದರ ಬಾಗಿಲು ತಟ್ಟುತ್ತೇನೆ. ವಿ. ಕೃಷ್ಣ ಅವರು 40 ವರ್ಷಕ್ಕೂ ಜಾಸ್ತಿ ಕಾಲ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. ಅದನ್ನು ವೆಬ್‌ಗೆ ತಂದವರು ಕೈಲಾಶ್ ನಾಧ್. ಸುಮಾರು 1.5 ಲಕ್ಷ ಪದಗಳಿವೆ. ಅಷ್ಟೂ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜಾಹೀರಾತಿನ ಕಾಟವಿಲ್ಲ, ಲಾಗಿನ್ ರಗಳೆ ಇಲ್ಲ.

'ಹೊಳೆ' ಅಂತ ಹುಡುಕಿ ನೋಡಿ. ಹರಿಯುವ ಹೊಳೆ ನಾಮಪದ, ಫಳಫಳ ಹೊಳೆಯುವುದು ಕ್ರಿಯಾಪದ. ಎರಡೂ ಬೇರೆ ಬೇರೆಯಾಗಿ, ಅರ್ಥಗಳಿಗೆ ನಂಬರು ಹಾಕಿಕೊಂಡು ಬರುತ್ತವೆ. ಕಣ್ಣು ಹಾಯಿಸಿದರೆ ಸಾಕು, ಮತ್ತೆ ವಾಕ್ಯಕ್ಕೆ ವಾಪಸ್. ಇನ್ನೊಂದು ಜಾಣತನ ಕಣ್ಣಿಗೇ ಕಾಣುವುದಿಲ್ಲ. ಲ, ಳ ಅದಲುಬದಲಾದರೂ ಉಚ್ಚಾರದ ಜಾಡು ಹಿಡಿದು ಹತ್ತಿರದ ಪದ ತಂದುಕೊಡುತ್ತದೆ. ಅವಸರದಲ್ಲಿ ಫೋನಿನಲ್ಲಿ ಕುಟ್ಟುವವರಿಗೆ ಇದರ ಬೆಲೆ ಗೊತ್ತು. ಡಿಸೈನ್ ಅಂದರೆ ನನಗೆ ಇದೇ.

ನಾನು ರೀಡಿಸೈನ್‌ಗೆ ಹೆದರುವುದು ಸುಮ್ನೆ ಅಲ್ಲ. ಹೆಸರು ಬೇಡ, ವರ್ಷಗಟ್ಟಲೆ ಓದುತ್ತಿದ್ದ ಒಂದು ಸುದ್ದಿತಾಣ ಹೊಸ ಬಟ್ಟೆ ತೊಟ್ಟಿತು. ನಾನು ಗುರುತು ಹಾಕಿಟ್ಟಿದ್ದ ಹಳೇ ಲೇಖನಗಳ ಲಿಂಕು ಒಂದೂ ತೆರೆಯಲಿಲ್ಲ. ಹುಡುಕುವ ಪೆಟ್ಟಿಗೆ ಭೂತಗನ್ನಡಿ ಚಿತ್ರದ ಹಿಂದೆ ಅಡಗಿ ಕೂತಿತು. ಮೇಲೆ ಮಾತ್ರ ದೊಡ್ಡ ದೊಡ್ಡ ಫೋಟೋ ಸರಸರ ಸರಿಯುತ್ತಿತ್ತು. ಅಲ್ಲಿಗೆ ನಾವು ಹೋಗುತ್ತಿದ್ದದ್ದು ಓದಲಿಕ್ಕೆ ಅಲ್ವಾ?

ಅಲರ್‌ನಲ್ಲಿ ಏನೂ ಬದಲಾಗಬಾರದು ಅಂತಲ್ಲ. ಅರ್ಥದ ಕೆಳಗೆ ಪದ ಬಳಸಿದ ಒಂದೊಂದು ವಾಕ್ಯ ಇದ್ದರೆ ನನ್ನಂಥವರಿಗೆ ಹಬ್ಬ. ಆದರೆ ಅದಕ್ಕೆ ಬೇಕಿರುವುದು ಕನ್ನಡ ಬಲ್ಲವರ ಪುರಸೊತ್ತು, ಬಣ್ಣದ ಡಬ್ಬ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗ ಸೋಲಲಿಲ್ಲ. "ಅಕ್ಷರನಾದ್ರೂ ಸ್ವಲ್ಪ ದೊಡ್ಡದು ಮಾಡ್ಬಹುದಲ್ವಾ ಮಾವ?"

"ಕಂಟ್ರೋಲ್ ಹಿಡ್ಕೊಂಡು ಪ್ಲಸ್ ಒತ್ತೋ" ಅಂದೆ.